ಫಿನಿಶ್ ಅಳೆಯೋಕೆ ಯಾವುದು ಸಾಕು: ಪ್ಲೇಟ್, ಸೂಜಿ, ಬೆಳಕು, ಇಲ್ಲವೇ ಲ್ಯಾಬ್?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ವರ್ಕ್‌ಶಾಪ್‌ನವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಡ್ರಾಯಿಂಗ್‌ನಲ್ಲಿ ‘ಆರ್‌ಎ 0.8’ (ಮೇಲ್ಮೈ ಎಷ್ಟು ಒರಟು ಅನ್ನುವ ಅಂಕಿ) ಅಂತ ಬರೆದಿದೆ, ಪಾರ್ಟಿಯವರು ರಿಪೋರ್ಟ್ ಕೇಳುತ್ತಿದ್ದಾರೆ. ಕಂಪ್ಯಾರೇಟರ್ ಪ್ಲೇಟ್ (ಆರ್‌ಎ ಬರೆದ ಮಾದರಿ ತುಂಡುಗಳು) ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರೆ ಸಾಕಾ? ಕೈಯಲ್ಲಿ ಹಿಡಿಯುವ ಟೆಸ್ಟರ್ ತಗೊಳ್ಳಬೇಕಾ? ತಗೊಂಡರೆ ಅಗ್ಗದ್ದಾ, ಹೆಸರು ಮಾಡಿದ ಕಂಪನಿಯದ್ದಾ? ಅಥವಾ ಸುಮ್ನೆ ಲ್ಯಾಬ್‌ಗೆ ಕಳಿಸಿಬಿಡೋದಾ?

ಟೆಸ್ಟರ್ ಮಾರುವವರು ಟೆಸ್ಟರ್‌ನಿಂದಲೇ ಮಾತು ಶುರು ಮಾಡುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಆ ಮೇಲ್ಮೈ ಏನು ಕೆಲಸ ಮಾಡಬೇಕು? ಅದನ್ನು ‘ಸರಿ ಇದೆ’ ಅಂತ ಒಪ್ಪುವವರು ಯಾರು? ಇವೆರಡು ಗೊತ್ತಿಲ್ಲದೆ ಲಕ್ಷ ರೂಪಾಯಿಯ ಉಪಕರಣ ತಂದರೂ ರಿಜೆಕ್ಷನ್ ನಿಲ್ಲುವುದಿಲ್ಲ. ಗೊತ್ತಿದ್ದರೆ ಎಷ್ಟೋ ಸಲ ಕೆಲವು ಸಾವಿರದ ಪ್ಲೇಟ್ ಸೆಟ್‌ನಲ್ಲೇ ಕೆಲಸ ಮುಗಿಯುತ್ತದೆ.

ಮೊದಲು ನೋಡಬೇಕಾದದ್ದು

ಅಕ್ಕಿ ಗಿರಣಿಯ ಒಂದು ಶಾಫ್ಟ್ ತಗೊಳ್ಳಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಲೇತ್ ಅಂಗಡಿಗಳಿಗೆ ಇದು ದಿನನಿತ್ಯದ ಜಾಬ್. ಬೇರಿಂಗ್ ಕೂರುವ ಜಾಗ ಒರಟಾಗಿದ್ದರೆ, ಬೇರಿಂಗ್ ಒತ್ತಿ ಕೂರಿಸುವಾಗ ಸಣ್ಣ ಸಣ್ಣ ತುದಿಗಳು ಚಪ್ಪಟೆಯಾಗುತ್ತವೆ. ಮೈಕ್ರೋಮೀಟರ್‌ನಲ್ಲಿ ಸರಿಯಾಗಿ ಬಂದಿದ್ದ ಸೈಜ್ ಆಮೇಲೆ ಲೂಸ್ ಆಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆರ್‌ಎ 0.8ರಿಂದ 1.6 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಇದ್ದರೆ ನಡೆಯುತ್ತದೆ.

ಅದೇ ಶಾಫ್ಟ್‌ನಲ್ಲಿ ಆಯಿಲ್ ಸೀಲ್ ಓಡುವ ಜಾಗದ ನಿಯಮವೇ ಬೇರೆ. ಅಲ್ಲಿ ಕೇಳುವುದು 0.2ರಿಂದ 0.8 ಮೈಕ್ರಾನ್. ಮೇಲಿನ ಮಿತಿ ದಾಟಿದರೆ ಸೀಲ್‌ನ ತುಟಿ ಬೇಗ ಸವೆಯುತ್ತದೆ. ಕೆಳಗಿನ ಮಿತಿಗಿಂತ ನುಣುಪಾದರೆ ಎಣ್ಣೆಯ ತೆಳು ಪದರ ನಿಲ್ಲುವುದಿಲ್ಲ, ತುಟಿ ಒಣಗಿ ಬಿಸಿಯಾಗುತ್ತದೆ. ನುಣುಪು ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಇನ್ನೊಂದು ವಿಷಯವೂ ಇದೆ. ಲೇತ್ ಟೂಲ್ ಬಿಟ್ಟ ಸುರುಳಿ ಗೆರೆ ಹಾಗೇ ಉಳಿದಿದ್ದರೆ, ಶಾಫ್ಟ್ ತಿರುಗುವ ದಿಕ್ಕಿಗೆ ತಕ್ಕಂತೆ ಅದು ಎಣ್ಣೆಯನ್ನು ಹೊರಗೆ ತಳ್ಳಬಹುದು. ಟೆಸ್ಟರ್ 0.6 ತೋರಿಸುತ್ತದೆ, ಸೀಲ್ ಸೋರುತ್ತಲೇ ಇರುತ್ತದೆ. ಅದಕ್ಕೇ ಆ ಜಾಗಕ್ಕೆ ಪ್ಲಂಜ್ ಗ್ರೈಂಡಿಂಗ್, ಅಂದರೆ ಕಲ್ಲನ್ನು ಪಕ್ಕಕ್ಕೆ ಸರಿಸದೆ ನೇರ ಒಳಕ್ಕೆ ಒತ್ತಿ ಮಾಡುವ ಗ್ರೈಂಡಿಂಗ್ ಕೇಳುತ್ತಾರೆ. ಈ ಸುರುಳಿಯನ್ನು ಆರ್‌ಎ ಅನ್ನುವ ಒಂದು ಅಂಕಿ ಹಿಡಿಯಲಾರದು.

ಪೈಪ್ ಫ್ಲೇಂಜ್‌ನದ್ದು ಉಲ್ಟಾ ಲೆಕ್ಕ. ಗ್ಯಾಸ್ಕೆಟ್ ಕಚ್ಚಿ ಹಿಡಿಯಲು ಅಲ್ಲಿ ಗೆರೆ ಬೇಕೇ ಬೇಕು. ಫ್ಲೇಂಜ್‌ಗಳ ಅಮೆರಿಕನ್ ಮಾನದಂಡ ಎಎಸ್‌ಎಂಇ ಬಿ16.5 ಪ್ರಕಾರ ಸಾಮಾನ್ಯ ರೈಸ್ಡ್ ಫೇಸ್ ಫ್ಲೇಂಜ್‌ಗೆ ಆರ್‌ಎ 3.2ರಿಂದ 6.3 ಮೈಕ್ರಾನ್. ಅದಕ್ಕೆ ಎಮರಿ ಹಚ್ಚಿ ಮಿರಮಿರ ಮಿಂಚಿಸಿದರೆ ಸೋರಿಕೆಗೆ ದಾರಿ ಮಾಡಿಕೊಟ್ಟ ಹಾಗೆ.

ಕೆಲಸ ತಿಳಿದ ಮೇಲೆ ಒಪ್ಪುವವರ ವಿಷಯ. ಗಿರಣಿ ಮಾಲೀಕರಿಗೆ ಶಾಫ್ಟ್ ಓಡಿದರೆ ಸಾಕು, ಕಾಗದ ಬೇಡ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಶಕ್ತಿನಗರದ ಥರ್ಮಲ್ ಸ್ಥಾವರಕ್ಕೋ ಜಾಬ್ ಹೋಗುತ್ತಿದ್ದರೆ, ಅಂಕಿ ಬೇಕು, ಉಪಕರಣದ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೂಡ ಕೇಳಬಹುದು. ಆಮೇಲೆ ಜಾಬಿನ ಆಕಾರ: ಉದ್ದದ ರಾಡಾ, ಸಣ್ಣ ತೂತಾ, ಎತ್ತಲಾಗದ ಟರ್ಬೈನ್ ಶಾಫ್ಟಾ? ತಿಂಗಳಿಗೆ ಎಷ್ಟು ಸಲ ಅಳೆಯಬೇಕು? ಅಳೆಯುವವರು ಯಾರು, ಅಳೆಯುವ ಜಾಗದಲ್ಲಿ ಧೂಳು ಎಷ್ಟು? ದುಡ್ಡಿನ ಮಾತು ಕೊನೆಗೆ. ಅಲ್ಲೂ ಬೆಲೆಯ ಜೊತೆಗೆ ವರ್ಷ ವರ್ಷದ ಕ್ಯಾಲಿಬ್ರೇಷನ್, ಮುರಿದ ಸೂಜಿಯ ಖರ್ಚು ಸೇರಿಸಿ.

ಯಾವ ಅಂಕಿ?

ಉಪಕರಣಕ್ಕಿಂತ ಮೊದಲು ಅಂಕಿಯ ಆಯ್ಕೆ. ಆರ್‌ಎ ಅಂದರೆ ಮೇಲ್ಮೈಯ ನಡುಗೆರೆಯಿಂದ ಏರಿಳಿತಗಳು ಸರಾಸರಿ ಎಷ್ಟು ದೂರ ಇವೆ ಅನ್ನುವುದು. ಸರಾಸರಿ ಆದ್ದರಿಂದ ಅದು ಸ್ಥಿರ. ಸ್ವಲ್ಪ ಜಾಗ ಬದಲಿಸಿದರೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ದಿನದ ಕೆಲಸ ಹಿಡಿತದಲ್ಲಿದೆಯಾ ಅಂತ ನೋಡಲು ಇದೇ ಒಳ್ಳೆಯದು. ಆದರೆ ಒಂದು ಆಳವಾದ ಗೀರನ್ನು ಅದು ಸರಾಸರಿಯೊಳಗೆ ನುಂಗಿಬಿಡುತ್ತದೆ.

ಆರ್‌ಝಡ್ ತುದಿಯಿಂದ ತಳದವರೆಗಿನ ಎತ್ತರ. ಅಳತೆಯ ಉದ್ದವನ್ನು ಸಾಮಾನ್ಯವಾಗಿ 5 ತುಂಡು ಮಾಡಿ, ಪ್ರತಿ ತುಂಡಿನ ಅತಿ ಎತ್ತರ ಮತ್ತು ಅತಿ ಆಳದ ಅಂತರ ತಗೊಂಡು ಸರಾಸರಿ ಮಾಡುತ್ತಾರೆ. ಗೀರು ಇದ್ದರೆ ಇದು ಥಟ್ಟಂತ ಏರುತ್ತದೆ. ಸೀಲಿಂಗ್ ಜಾಗಕ್ಕೆ, ಹೈಡ್ರಾಲಿಕ್ ರಾಡ್‌ಗೆ ಎರಡನ್ನೂ ನೋಡುವುದು ಸರಿ ಅಂತ ನನ್ನ ಅಭಿಪ್ರಾಯ. ಹಳೇ ಡ್ರಾಯಿಂಗ್‌ಗಳಲ್ಲಿ ಆರ್‌ಝಡ್ ಅಂದರೆ 5 ಎತ್ತರ, 5 ತಗ್ಗು ಸೇರಿಸಿದ ‘ಹತ್ತು ಬಿಂದು’ ಎತ್ತರ ಆಗಿರಬಹುದು. ಎರಡೂ ಒಂದೇ ಅಲ್ಲ, ಕೇಳಿಕೊಳ್ಳಿ.

ಆರ್‌ಎಯನ್ನು 4ರಿಂದ ಗುಣಿಸಿದರೆ ಆರ್‌ಝಡ್ ಅನ್ನುವ ಮಾತು ಅಂಗಡಿಗಳಲ್ಲಿ ಓಡಾಡುತ್ತದೆ. ಚೆನ್ನಾಗಿ ಬಂದ ಟರ್ನಿಂಗ್‌ಗೆ ಅದು ಹತ್ತಿರ ಹತ್ತಿರ ಸರಿ. ಗ್ರೈಂಡಿಂಗ್‌ಗೆ ಬಂದರೆ 6-7 ಪಟ್ಟು ಅಥವಾ ಇನ್ನೂ ಜಾಸ್ತಿ ಆಗುತ್ತದೆ. ಪಾರ್ಟಿಯವರು ಆರ್‌ಝಡ್ ಕೇಳಿದ್ದರೆ ಆರ್‌ಝಡ್ಡನ್ನೇ ಅಳೆಯಿರಿ. ಗುಣಿಸಿ ಬರೆದುಕೊಟ್ಟ ಅಂಕಿ ರಿಪೋರ್ಟ್ ಅಲ್ಲ.

ಲಾರಿ, ಟಿಪ್ಪರ್ ಎಂಜಿನ್ ರೀಬೋರ್ ಮಾಡುವವರಿಗೆ ಇವೆರಡೂ ಸಾಲುವುದಿಲ್ಲ. ಪ್ಲೇಟೋ ಹೋನಿಂಗ್ ಮಾಡಿದ ಬೋರ್‌ನಲ್ಲಿ ಮೇಲ್ಭಾಗ ಸಪಾಟಾಗಿರಬೇಕು, ಎಣ್ಣೆ ಹಿಡಿಯಲು ಆಳವಾದ ಗೆರೆಗಳೂ ಇರಬೇಕು. ಮೇಲೆ ಚೂಪು ತುದಿ ಇರುವ ಬೋರ್‌ಗೂ, ಮೇಲೆ ಸಪಾಟಾಗಿ ಕೆಳಗೆ ಆಳ ಇರುವ ಬೋರ್‌ಗೂ ಆರ್‌ಎ ಒಂದೇ ಬರಬಹುದು. ಮೊದಲನೆಯದು ಪಿಸ್ಟನ್ ರಿಂಗನ್ನು ತಿನ್ನುತ್ತದೆ, ಎರಡನೆಯದು ಬಾಳುತ್ತದೆ. ಇವನ್ನು ಬೇರೆ ಮಾಡಿ ಹೇಳುವುದು ಆರ್‌ಪಿಕೆ (ಮೇಲಿನ ತುದಿ), ಆರ್‌ಕೆ (ನಡುಭಾಗ), ಆರ್‌ವಿಕೆ (ಕೆಳಗಿನ ಆಳ) ಅನ್ನುವ ಮೂರು ಅಂಕಿಗಳು. ಆ ಕೆಲಸದವರು ಟೆಸ್ಟರ್ ಕೊಳ್ಳುವಾಗ ಈ ಮೂರೂ ಇವೆಯಾ ಅಂತ ಮೊದಲು ನೋಡಬೇಕು.

ಹಳೇ ಡ್ರಾಯಿಂಗ್‌ನ ಭಾಷೆಯನ್ನೂ ಬೇಗ ಹೇಳಿಬಿಡುತ್ತೇನೆ. ಎನ್7 ಅಂದರೆ ಆರ್‌ಎ 1.6. ಒಂದು ಗ್ರೇಡ್ ಇಳಿದರೆ ಅರ್ಧ, ಒಂದು ಏರಿದರೆ ಎರಡರಷ್ಟು. ಹಾಗಾಗಿ ಎನ್6 ಅಂದರೆ 0.8, ಎನ್8 ಅಂದರೆ 3.2. ಸಿಎಲ್‌ಎ (ಆರ್‌ಎಯ ಹಳೇ ಹೆಸರು) 63 ಅಂತಿದ್ದರೆ ಅದು ಮೈಕ್ರೋಇಂಚು, 0.0254ರಿಂದ ಗುಣಿಸಿ, 1.6 ಮೈಕ್ರಾನ್ ಬರುತ್ತದೆ. ತ್ರಿಕೋನಗಳಿದ್ದರೆ, ಜಾಸ್ತಿ ತ್ರಿಕೋನ ಅಂದರೆ ಜಾಸ್ತಿ ನುಣುಪು. ಅವು ಒಂದು ಅಂಕಿಯಲ್ಲ, ವಿಶಾಲ ವ್ಯಾಪ್ತಿ. ಕೆಲಸ ಹಿಡಿಯುವ ಮೊದಲು ಪಾರ್ಟಿಯಿಂದ ಅಂಕಿ ಬರೆಸಿಕೊಳ್ಳಿ.

ಉಗುರು ಮತ್ತು ಪ್ಲೇಟ್

ಅನುಭವಿ ಟರ್ನರ್ ಉಗುರು ಎಳೆದು ಹೇಳುವ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಸೂಜಿಯಿಂದ ಅಳೆಯುವ ‘ಟ್ಯಾಲಿಸರ್ಫ್’ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಂದದ್ದೇ 1941ರಲ್ಲಿ. ಅಲ್ಲಿಯವರೆಗೆ ಬಹುತೇಕ ಕಾರ್ಖಾನೆಗಳು ಉಗುರು ಮತ್ತು ಕಣ್ಣಿನ ಮೇಲೇ ನಡೆದವು. ಆದರೆ ಉಗುರಿಗೆ ನೆನಪು ಕಮ್ಮಿ. ಬೆಳಿಗ್ಗೆ ಮುಟ್ಟಿದ್ದಕ್ಕೂ ಸಂಜೆ ಮುಟ್ಟಿದ್ದಕ್ಕೂ ಹೋಲಿಸಲು ಪಕ್ಕದಲ್ಲಿ ಒಂದು ಗಟ್ಟಿ ಆಧಾರ ಬೇಕು. ಕಂಪ್ಯಾರೇಟರ್ ಪ್ಲೇಟ್ ಆ ಆಧಾರ.

ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್, ರೀಮಿಂಗ್, ಲ್ಯಾಪಿಂಗ್ ಅಂತ ಬೇರೆ ಬೇರೆ ಸಾಲು, ಪ್ರತಿ ಸಾಲಿನಲ್ಲಿ ಆರ್‌ಎ ಬರೆದ ತುಂಡುಗಳು. ಬೆಲೆ ಸಾವಿರಗಳ ಲೆಕ್ಕದಲ್ಲಿ. ಬ್ಯಾಟರಿ ಬೇಡ, ಧೂಳಿಗೆ ಹೆದರುವುದಿಲ್ಲ, ಮಷಿನ್ ಮೇಲೆ ಜಾಬ್ ಇದ್ದಾಗಲೇ ನೋಡಬಹುದು. ಒಂದು ನಿಯಮ ಮಾತ್ರ ಮುರಿಯಬಾರದು. ಟರ್ನ್ ಮಾಡಿದ್ದನ್ನು ಟರ್ನಿಂಗ್ ತುಂಡಿಗೇ, ಗ್ರೈಂಡ್ ಮಾಡಿದ್ದನ್ನು ಗ್ರೈಂಡಿಂಗ್ ತುಂಡಿಗೇ ಹೋಲಿಸಬೇಕು. ಗ್ರೈಂಡಿಂಗ್ ಹೊಳಪು ಕಣ್ಣಿಗೆ ಮೋಸ ಮಾಡುತ್ತದೆ. 1.6ರ ಟರ್ನಿಂಗೂ 1.6ರ ಗ್ರೈಂಡಿಂಗೂ ನೋಡಲು, ಮುಟ್ಟಲು ಒಂದೇ ಥರ ಇರುವುದಿಲ್ಲ.

ಇದರ ಮಿತಿ? ಹತ್ತಿರದ ಒಂದು ಗ್ರೇಡ್ ಆಚೀಚೆ ಆಗಬಹುದು. 1.6ರ ಮಿತಿಗೆ 1.5 ಬಂತಾ, 1.8 ಬಂತಾ ಅಂತ ಯಾವ ಬೆರಳೂ ಹೇಳಲಾರದು. 0.4ರ ಕೆಳಗೆ ಹೋದರೆ ಎಲ್ಲವೂ ನುಣುಪು ಅನಿಸುತ್ತದೆ. ಆದರೆ ನಾನು ಇದನ್ನು ‘ಬಡವರ ಉಪಾಯ’ ಅಂತ ತಳ್ಳಿಹಾಕಲು ಒಪ್ಪುವುದಿಲ್ಲ. ಮೇಲೆ ಹೇಳಿದ ಫ್ಲೇಂಜ್ ಫೇಸ್‌ಗೆ ಬಿ16.5 ಕೇಳುವುದೇ ಈ ಹೋಲಿಕೆಯನ್ನು. ಸೂಜಿಯ ಉಪಕರಣದಿಂದ ಅಳೆಯಬೇಡಿ, ಆರ್‌ಎ ಮಾದರಿಯ ಜೊತೆ ಕಣ್ಣಿನಿಂದ ಹೋಲಿಸಿ ಅಂತ ಅದರಲ್ಲೇ ಬರೆದಿದೆ. ಫ್ಲೇಂಜ್ ಮಾಡುವವರಿಗೆ ಸರಿಯಾದ ಪ್ಲೇಟ್ ಇದ್ದರೆ ಸಾಕು.

ಎರಕದ ಕೆಲಸವೂ ಹಾಗೇ. ಗಿಣಿಗೇರಾ, ಹೊಸಪೇಟೆ ಕಡೆಯ ಫೌಂಡ್ರಿಗಳಿಂದ ಬರುವ ಮರಳು ಎರಕದ ಮೇಲ್ಮೈ ಸಾಮಾನ್ಯವಾಗಿ ಆರ್‌ಎ 12.5ರಿಂದ 25ರ ಸುಮಾರಿಗೆ ಇರುತ್ತದೆ. ಅಷ್ಟು ಒರಟನ್ನು ನಿಯಮದ ಪ್ರಕಾರ ಸೂಜಿಯಿಂದ ಅಳೆಯಲು 40 ಮಿ.ಮೀ. ಓಡಿಸಬೇಕು. ಕೈ ಟೆಸ್ಟರ್‌ಗಳಲ್ಲಿ ಹಲವಕ್ಕೆ 20 ಮಿ.ಮೀ. ಕೂಡ ಓಡಲಾಗದು. ಎರಕಕ್ಕೆಂದೇ ಮಾಡಿದ ಹೋಲಿಕೆ ಪ್ಲೇಟ್‌ಗಳಿವೆ. ಅವನ್ನೇ ಬಳಸಿ.

ಲೇತ್‌ನವರಿಗೆ ಇನ್ನೊಂದು ದಾರಿ ಪುಕ್ಕಟೆ ಇದೆ, ಅದು ಲೆಕ್ಕ. ಟೂಲ್ ಟಿಪ್‌ನ ಮೂಗಿನ ತ್ರಿಜ್ಯ ಮತ್ತು ಫೀಡ್ (ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಸಾಗುವ ದೂರ) ಗೊತ್ತಿದ್ದರೆ ಎತ್ತರ ಎಷ್ಟು ಬರಬೇಕು ಅಂತ ಮೊದಲೇ ಹೇಳಬಹುದು. ಫೀಡನ್ನು ಫೀಡ್‌ನಿಂದಲೇ ಗುಣಿಸಿ, ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿ. ಅದು ತುದಿಯಿಂದ ತಳದ ಎತ್ತರ. 8ರ ಬದಲು ಸುಮಾರು 31ರಿಂದ ಭಾಗಿಸಿದರೆ ಆರ್‌ಎ ಹತ್ತಿರ ಬರುತ್ತದೆ. 0.8 ಮಿ.ಮೀ. ತ್ರಿಜ್ಯದ ಟಿಪ್, ಪ್ರತಿ ಸುತ್ತಿಗೆ 0.2 ಮಿ.ಮೀ. ಫೀಡ್ ಅಂದರೆ ಎತ್ತರ 6.25 ಮೈಕ್ರಾನ್, ಆರ್‌ಎ ಸುಮಾರು 1.6. ಫೀಡ್ 0.1ಕ್ಕೆ ಇಳಿಸಿದರೆ ಆರ್‌ಎ ಲೆಕ್ಕದಲ್ಲಿ 0.4. ಫೀಡ್ ಅರ್ಧ ಮಾಡಿದರೆ ಒರಟು ಕಾಲು ಭಾಗ ಆಗುತ್ತದೆ! ತ್ರಿಜ್ಯ 0.4ರ ಟಿಪ್ ಹಾಕಿದರೆ ಅದೇ ಫೀಡಿಗೆ ಒರಟು ಎರಡರಷ್ಟು.

ನಿಜದಲ್ಲಿ ಬರುವುದು ಲೆಕ್ಕಕ್ಕಿಂತ ಜಾಸ್ತಿಯೇ. ಟಿಪ್ ಸವೆದಿರುತ್ತದೆ, ಉದ್ದ ಶಾಫ್ಟ್ ನಡುಗುತ್ತದೆ, ಮೆತು ಉಕ್ಕು ಟಿಪ್‌ಗೆ ಅಂಟುತ್ತದೆ. ಆದರೂ ಈ ಲೆಕ್ಕದಲ್ಲೇ 1.6 ಬರುತ್ತಿದ್ದರೆ ಆ ಸೆಟಿಂಗ್‌ನಲ್ಲಿ 0.8 ಬರುವುದಿಲ್ಲ ಅಂತ ಜಾಬ್ ಕಟ್ಟುವ ಮೊದಲೇ ಗೊತ್ತಾಗುತ್ತದೆ. ಟೆಸ್ಟರ್ ಇದನ್ನು ಜಾಬ್ ಮುಗಿದ ಮೇಲೆ ಹೇಳುತ್ತದೆ.

ಕೈಯಲ್ಲಿ ಹಿಡಿಯುವ ಸೂಜಿ ಟೆಸ್ಟರ್

ಹೆಚ್ಚಿನವರ ಗೊಂದಲ ಇಲ್ಲೇ. ವಜ್ರದ ಚೂಪಾದ ಸೂಜಿ ಮೇಲ್ಮೈ ಮೇಲೆ ಎಳೆದುಕೊಂಡು ಹೋಗುತ್ತದೆ, ಅದರ ಏರಿಳಿತವನ್ನು ಯಂತ್ರ ಲೆಕ್ಕ ಹಾಕುತ್ತದೆ. ಸೂಜಿಯ ತುದಿ 2 ಮೈಕ್ರಾನ್ ಅಥವಾ 5 ಮೈಕ್ರಾನ್ ತ್ರಿಜ್ಯದ್ದು. 2ರದ್ದು ಕಿರಿದಾದ ತಗ್ಗಿಗೂ ಇಳಿಯುತ್ತದೆ, ಆದರೆ ನಾಜೂಕು. 5ರದ್ದು ಗಟ್ಟಿ, ನುಣುಪು ಗ್ರೈಂಡಿಂಗ್‌ನಲ್ಲಿ ತುಸು ಕಮ್ಮಿ ಅಂಕಿ ತೋರಿಸಬಹುದು. ವರ್ಕ್‌ಶಾಪ್‌ಗೆ 5 ಸಾಕು. ಆರ್‌ಎ 0.2ರ ಕೆಳಗಿನ ಕೆಲಸ ದಿನಾ ಇದ್ದರೆ ಮಾತ್ರ 2ರ ಬಗ್ಗೆ ಯೋಚಿಸಿ.

ಕಟ್-ಆಫ್ ಅನ್ನುವುದನ್ನು ಅರ್ಥ ಮಾಡಿಕೊಳ್ಳದೆ ಟೆಸ್ಟರ್ ಕೊಳ್ಳಬೇಡಿ. ಮೇಲ್ಮೈಯಲ್ಲಿ ಸಣ್ಣ ಒರಟೂ ಇರುತ್ತದೆ, ಉದ್ದನೆಯ ಅಲೆಯೂ ಇರುತ್ತದೆ. ಎಲ್ಲಿಯವರೆಗಿನದು ಒರಟು, ಎಲ್ಲಿಂದಾಚೆ ಅಲೆ ಅಂತ ಗೆರೆ ಹಾಕುವುದೇ ಕಟ್-ಆಫ್. ಟರ್ನಿಂಗ್‌ನಂಥ ಒಂದೇ ಸಮನೆ ಬರುವ ಗೆರೆಗಳಿಗೆ ಫೀಡ್ ನೋಡಿ ಆರಿಸಬೇಕು. ಗ್ರೈಂಡಿಂಗ್‌ನಂಥವಕ್ಕೆ ಐಎಸ್‌ಒ 4288 ಅನ್ನುವ ಹಳೆಯ ಅಂತರರಾಷ್ಟ್ರೀಯ ನಿಯಮದ ಪಟ್ಟಿ ಹೀಗಿದೆ: ಆರ್‌ಎ 0.02ರಿಂದ 0.1ವರೆಗೆ 0.25 ಮಿ.ಮೀ., 0.1ರಿಂದ 2ರವರೆಗೆ 0.8 ಮಿ.ಮೀ., 2ರಿಂದ 10ರವರೆಗೆ 2.5 ಮಿ.ಮೀ. ಪ್ರತಿಯೊಂದಕ್ಕೂ 5 ಪಟ್ಟು ಉದ್ದ ಅಳೆಯಬೇಕು. ಅಂದರೆ 0.8ಕ್ಕೆ 4 ಮಿ.ಮೀ., ಜೊತೆಗೆ ಸೂಜಿ ಓಡಿ ನಿಲ್ಲಲು ಇನ್ನಷ್ಟು. ಓ-ರಿಂಗ್ ಗ್ರೂವ್ 3 ಮಿ.ಮೀ. ಅಗಲ ಇದ್ದರೆ ಇದು ಹಿಡಿಸುವುದೇ ಇಲ್ಲ. ಆಗ ತುಂಡುಗಳನ್ನು ಕಮ್ಮಿ ಮಾಡಬೇಕು, ಪಾರ್ಟಿಗೆ ತಿಳಿಸಿ ರಿಪೋರ್ಟ್‌ನಲ್ಲಿ ಬರೆಯಬೇಕು.

ಸೂಜಿ ಓಡುವ ದಿಕ್ಕೂ ಮುಖ್ಯ. ಎರೆ ಹೊಲದಲ್ಲಿ ನೇಗಿಲು ಹೊಡೆದ ಮೇಲೆ ಸಾಲಿನಲ್ಲೇ ನಡೆದರೆ ಏರಿಳಿತ ಗೊತ್ತಾಗುವುದಿಲ್ಲ, ಸಾಲಿಗೆ ಅಡ್ಡ ನಡೆದರೆ ಗೊತ್ತಾಗುತ್ತದೆ. ಟರ್ನ್ ಮಾಡಿದ ಶಾಫ್ಟ್‌ನಲ್ಲಿ ಸಾಲು ಸುತ್ತ ಇರುತ್ತದೆ, ಆದ್ದರಿಂದ ಸೂಜಿ ಶಾಫ್ಟ್‌ನ ಉದ್ದಕ್ಕೆ ಓಡಬೇಕು.

ಕೈ ಟೆಸ್ಟರ್‌ಗಳಲ್ಲಿ ಬಹುತೇಕ ‘ಸ್ಕಿಡ್’ ಇರುತ್ತದೆ, ಅಂದರೆ ಸೂಜಿಯ ಪಕ್ಕದಲ್ಲಿ ಜಾಬಿನ ಮೇಲೇ ಜಾರುವ ಒಂದು ನುಣುಪಾದ ಕಾಲು. ಇದರಿಂದ ಜಾಬನ್ನು ತೀರಾ ನೇರವಾಗಿ ಕೂರಿಸುವ ಗೋಜಿಲ್ಲ, ಪಕ್ಕದ ಮಷಿನ್‌ನ ನಡುಕವೂ ಅಷ್ಟಾಗಿ ತಟ್ಟುವುದಿಲ್ಲ. ವರ್ಕ್‌ಶಾಪ್‌ಗೆ ಇದು ವರ. ಬದಲಿಗೆ ಬಿಟ್ಟುಕೊಡುವುದು ಅಲೆಯ ಅಳತೆ. ಗ್ರೈಂಡಿಂಗ್‌ನಲ್ಲಿ ಚಾಟರ್ (ನಡುಕದಿಂದ ಬೀಳುವ ಅಲೆ) ಬಂದ ರಾಡ್ ಆರ್‌ಎಯಲ್ಲಿ ಪಾಸಾಗಿ, ಸಿಲಿಂಡರ್‌ನಲ್ಲಿ ಫೇಲ್ ಆಗಬಹುದು. ಸಂಡೂರಿನ ಗಣಿಗಳ ಎಕ್ಸ್‌ಕವೇಟರ್ ರಾಡ್‌ಗಳಿಗೆ ಹಾರ್ಡ್ ಕ್ರೋಮ್ ಹಾಕಿ ಗ್ರೈಂಡ್ ಮಾಡುವವರು ಟೆಸ್ಟರ್ ಜೊತೆ ಕಣ್ಣನ್ನೂ ಬಳಸಬೇಕು. ರಾಡನ್ನು ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಚಾಟರ್ ಪಟ್ಟೆ ಕಾಣುತ್ತದೆ.

ಅಗ್ಗದ್ದಾ, ದುಬಾರಿಯದ್ದಾ? ಲಕ್ಷದೊಳಗೆ ಸಿಗುವವೂ ಇವೆ, ಲಕ್ಷ ದಾಟುವ ಮಿಟುಟೊಯೊ, ಟೇಲರ್ ಹಾಬ್ಸನ್‌ನಂಥ ಕಂಪನಿಯವೂ ಇವೆ. ಪರದೆಯ ಅಂದ ನೋಡಬೇಡಿ. ಅಗ್ಗದ್ದನ್ನು ಹೊಸದಾಗಿ ತೆರೆದಾಗ ಆರ್‌ಎ ಸರಿಯಾಗಿಯೇ ಹೇಳಬಹುದು. ವ್ಯತ್ಯಾಸ ಕಾಣುವುದು ಸೂಜಿ ಮುರಿದ ದಿನ. ಹೊಸ ಸೂಜಿ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ, ಎಷ್ಟು ದಿನಕ್ಕೆ? ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬಳ್ಳಾರಿ ಕೊಪ್ಪಳದವರಿಗೆ ಹುಬ್ಬಳ್ಳಿ ಅಥವಾ ಬೆಂಗಳೂರು. ಅಲ್ಲಿ ಸರ್ವಿಸ್ ಇಲ್ಲದ ಉಪಕರಣ ಎಷ್ಟೇ ಅಗ್ಗವಾದರೂ ತಗೊಳ್ಳಬೇಡಿ. ಸಣ್ಣ ತೂತಿನೊಳಗೆ ಹೋಗುವ ಡಿಟೆಕ್ಟರ್ (ಸೂಜಿ ಇರುವ ಭಾಗ) ಬೇರೆಯಾಗಿ ಸಿಗುತ್ತದಾ ಅಂತಲೂ ಕೇಳಿ. ಬುಷ್ ಕೆಲಸ ಮಾಡುವವರಿಗೆ ಅದಿಲ್ಲದೆ ಟೆಸ್ಟರ್ ಅರ್ಧ ಮಾತ್ರ.

ನಮ್ಮ ಬಿಸಿಲಿನ ವಿಷಯ. ಅಳತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗಬೇಕು ಅನ್ನುವ ನಿಯಮ ವ್ಯಾಸ ಅಳೆಯುವಾಗ ಬಹಳ ಮುಖ್ಯ. 100 ಮಿ.ಮೀ. ಉಕ್ಕಿನ ಶಾಫ್ಟ್ 40 ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗಿರುತ್ತದೆ. ಒಂದೆರಡು ಮೈಕ್ರಾನಿನ ಒರಟುತನಕ್ಕೆ ಆ ಹಿಗ್ಗು ಲೆಕ್ಕಕ್ಕೇ ಇಲ್ಲ. ತೊಂದರೆ ಉಪಕರಣಕ್ಕೆ. ಹಲವು ಟೆಸ್ಟರ್‌ಗಳ ಪುಸ್ತಕದಲ್ಲಿ 40 ಡಿಗ್ರಿಯ ಮಿತಿ ಇರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಶೆಡ್ ಅದನ್ನು ದಾಟುತ್ತದೆ. ಅದಕ್ಕಿಂತ ಕಾಟ ಅದಿರಿನ ಧೂಳು. ಸೂಜಿಯ ದಾರಿಯಲ್ಲಿ ಒಂದು ಕಣ ಬಿದ್ದರೂ ಆರ್‌ಝಡ್ ಹಾಳು. ಅಳೆಯುವ ಮೊದಲು ಜಾಬನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ, ಎಣ್ಣೆ ತೆಗೆಯಿರಿ. ಟೆಸ್ಟರ್ ಆಫೀಸ್ ಕೋಣೆಯ ಪೆಟ್ಟಿಗೆಯಲ್ಲಿರಲಿ, ಲೇತ್ ಪಕ್ಕದ ಹಲಗೆ ಮೇಲೆ ಬೇಡ.

ಬೆಂಚ್ ಯಂತ್ರ, ಬೆಳಕಿನ ಯಂತ್ರ, ಲ್ಯಾಬ್

ಸ್ಕಿಡ್ ಇಲ್ಲದ ದೊಡ್ಡ ಬೆಂಚ್ ಯಂತ್ರ ಒರಟಿನ ಜೊತೆ ಅಲೆಯನ್ನೂ ಆಕಾರವನ್ನೂ ತೋರಿಸುತ್ತದೆ. ಬೆಲೆ ಹಲವು ಲಕ್ಷ, ನಡುಕವಿಲ್ಲದ ಕಲ್ಲಿನ ಮೇಜು ಬೇಕು, ಎಸಿ ಕೋಣೆ ಬೇಕು, ಕಲಿತವರು ಬೇಕು. ಬೆಳಕಿನಿಂದ ಅಳೆಯುವ ಯಂತ್ರಗಳು ಸೂಜಿ ಮುಟ್ಟಿಸದೆ ಒಂದು ಗೆರೆಯ ಬದಲು ಇಡೀ ಪ್ರದೇಶವನ್ನೇ ಅಳೆಯುತ್ತವೆ, ಎಸ್‌ಎ ಅನ್ನುವ ಅಂಕಿ ಕೊಡುತ್ತವೆ. ಮೆತ್ತನೆಯ ವಸ್ತುವಿಗೆ, ಸಂಶೋಧನೆಗೆ ಅದ್ಭುತ. ಆದರೆ ಎಸ್‌ಎ ಬೇರೆ, ಆರ್‌ಎ ಬೇರೆ. ಡ್ರಾಯಿಂಗ್ ಆರ್‌ಎ ಕೇಳುತ್ತಿರುವಾಗ ಹತ್ತಾರು ಲಕ್ಷ ಕೊಟ್ಟು ಎಸ್‌ಎ ತೋರಿಸಿ ಪ್ರಯೋಜನವಿಲ್ಲ. ನಮ್ಮ ಭಾಗದ ಸಣ್ಣ, ಮಧ್ಯಮ ವರ್ಕ್‌ಶಾಪ್‌ಗೆ ಇವೆರಡನ್ನೂ ನಾನು ಹೇಳುವುದಿಲ್ಲ. ಅವುಗಳ ಅಗತ್ಯ ಅಪರೂಪಕ್ಕೆ ಬಂದಾಗ ಲ್ಯಾಬ್ ಇದೆ.

ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ನ ರಿಪೋರ್ಟನ್ನು ಪಾರ್ಟಿಗಳು ಸುಲಭವಾಗಿ ಒಪ್ಪುತ್ತಾರೆ. ಮಾನ್ಯತೆ ಒರಟುತನದ ಅಳತೆಗೇ ಇದೆಯಾ ಅಂತ ಅವರ ಪಟ್ಟಿಯಲ್ಲಿ ನೋಡಿ. ಬೇರೆ ಅಳತೆಗೆ ಮಾತ್ರ ಇರಬಹುದು. ಹೊಸಪೇಟೆ, ಲಿಂಗಸುಗೂರಿನ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ) ಕೇಂದ್ರಗಳನ್ನೂ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೆಟ್ರಾಲಜಿ ಲ್ಯಾಬನ್ನೂ ಒಂದು ಸಲ ಫೋನ್ ಮಾಡಿ ಕೇಳುವುದು ಒಳ್ಳೆಯದು. ಲ್ಯಾಬ್‌ನ ಕೊರತೆ ಸಮಯ. ಜಾಬ್ ಹೋಗಿ ಬರುವಷ್ಟರಲ್ಲಿ ಮಷಿನ್‌ನಲ್ಲಿ ಮುಂದಿನ ಬ್ಯಾಚ್ ಮುಗಿದಿರುತ್ತದೆ.

ಎತ್ತಲಾಗದ ಜಾಬ್‌ಗೆ ಅಚ್ಚು ತೆಗೆಯುವ ದಾರಿ ಇದೆ. ಎರಡು ಭಾಗ ಬೆರೆಸುವ ಸಿಲಿಕೋನ್ ಹಿಟ್ಟನ್ನು ಮೇಲ್ಮೈಗೆ ಒತ್ತಿ, ಗಟ್ಟಿಯಾದ ಮೇಲೆ ಕಿತ್ತು, ಆ ಅಚ್ಚನ್ನು ಲ್ಯಾಬ್‌ನಲ್ಲಿ ಅಳೆಯುತ್ತಾರೆ. ಸ್ಥಾವರದ ದೊಡ್ಡ ಶಾಫ್ಟ್‌ನ ಜರ್ನಲ್‌ಗೆ (ಬೇರಿಂಗ್‌ನಲ್ಲಿ ತಿರುಗುವ ಭಾಗಕ್ಕೆ) ಇದು ಸರಿ ಹೊಂದುತ್ತದೆ. ಅಚ್ಚಿನಲ್ಲಿ ತುದಿ ತಗ್ಗಾಗಿ, ತಗ್ಗು ತುದಿಯಾಗಿ ಬರುತ್ತದೆ ಅಂತ ನೆನಪಿರಲಿ.

ಬ್ಲಾಸ್ಟಿಂಗ್ ಮಾಡುವವರಿಗೆ ಬೇರೆ ಮಾತು

ಸ್ಟ್ರಕ್ಚರ್, ಟ್ಯಾಂಕ್, ಅಣೆಕಟ್ಟಿನ ಗೇಟ್‌ನಂಥ ನೀರಲ್ಲಿ ನಿಲ್ಲುವ ಉಕ್ಕಿಗೆ ಬಣ್ಣದ ಮೊದಲು ಬ್ಲಾಸ್ಟಿಂಗ್ ಮಾಡುತ್ತಾರೆ, ಅಂದರೆ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು ಮೇಲ್ಮೈ ಸ್ವಚ್ಛ ಮಾಡುತ್ತಾರೆ. ‘ಎಸ್‌ಎ ಎರಡೂವರೆ ಮಾಡಿದ್ದೇವೆ, ಮತ್ತೇನು ಅಳೆಯೋದು’ ಅಂತ ಕೇಳುವವರಿದ್ದಾರೆ. ಎಸ್‌ಎ ಎರಡೂವರೆ ಅನ್ನುವುದು ಸ್ವಚ್ಛತೆಯ ಗ್ರೇಡ್. ಬೆಳಕಿನ ಯಂತ್ರದ ಎಸ್‌ಎಗೂ ಇದಕ್ಕೂ ಸಂಬಂಧವಿಲ್ಲ. ಬಣ್ಣ ಹಿಡಿಯುವ ಒರಟು ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಒರಟು ಕಮ್ಮಿಯಾದರೆ ಬಣ್ಣ ಪದರವಾಗಿ ಏಳುತ್ತದೆ, ಜಾಸ್ತಿಯಾದರೆ ತುದಿಗಳು ಬಣ್ಣದಿಂದ ಹೊರಗೆ ಇಣುಕಿ ಅಲ್ಲೇ ತುಕ್ಕು ಶುರುವಾಗುತ್ತದೆ. ಹಲವು ಬಣ್ಣದ ಕಂಪನಿಗಳು ಕೇಳುವುದು 50ರಿಂದ 75 ಮೈಕ್ರಾನ್, ಅದೂ ಆರ್‌ಎ ಅಲ್ಲ, ತುದಿಯಿಂದ ತಳದ ಎತ್ತರ.

ಇದಕ್ಕೆ ಕೈ ಟೆಸ್ಟರ್ ಕೊಳ್ಳಬೇಡಿ. ಐಎಸ್‌ಒ 8503ರ ಹೋಲಿಕೆ ಪ್ಲೇಟ್ ತಗೊಳ್ಳಿ. ಗ್ರಿಟ್‌ಗೆ (ಚೂಪು ಕಣ) ಒಂದು, ಶಾಟ್‌ಗೆ (ಗುಂಡು ಕಣ) ಒಂದು ಬೇರೆ ಬೇರೆ ಇದೆ. ದಾಖಲೆ ಬೇಕಿದ್ದರೆ ರೆಪ್ಲಿಕಾ ಟೇಪ್. ಫೋಮ್ ಇರುವ ಟೇಪನ್ನು ಮೇಲ್ಮೈಗೆ ಉಜ್ಜಿ ಅಚ್ಚು ಹಿಡಿದು, ದಪ್ಪ ಅಳೆಯುವ ಡಯಲ್ ಗೇಜ್‌ನಲ್ಲಿ ನೋಡಿ, ಟೇಪಿನ ಹಾಳೆಯ 50 ಮೈಕ್ರಾನ್ ಕಳೆಯಬೇಕು. ಆ 50 ಕಳೆಯಲು ಮರೆತರೆ ತಗಡಿನಷ್ಟು ನುಣುಪಾದದ್ದೂ ಪಾಸಾಗಿಬಿಡುತ್ತದೆ. ಟೇಪ್ ತುಂಡನ್ನು ರಿಪೋರ್ಟ್‌ಗೆ ಅಂಟಿಸಿ ಇಡಬಹುದು, ಸೈಟ್‌ನಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಯಾರಿಗೆ ಯಾವುದು?

ಗಿರಣಿ, ಜಿನ್ನಿಂಗ್ ಮಿಲ್, ಟ್ರ್ಯಾಕ್ಟರ್ ರಿಪೇರಿಯ ಲೇತ್ ಅಂಗಡಿ ನಿಮ್ಮದಾದರೆ ಒಂದು ಒಳ್ಳೆಯ ಪ್ಲೇಟ್ ಸೆಟ್ ಮತ್ತು ಫೀಡ್ ಲೆಕ್ಕ. ಅಪರೂಪಕ್ಕೆ ರಿಪೋರ್ಟ್ ಕೇಳಿದರೆ ಲ್ಯಾಬ್. ಟೆಸ್ಟರ್‌ನ ದುಡ್ಡನ್ನು ಒಳ್ಳೆಯ ಟಿಪ್‌ಗೆ, ಲೇತ್‌ನ ಸ್ಲೈಡ್ ಸರಿಪಡಿಸಲು ಹಾಕಿ. ಫಿನಿಶ್ ಅಲ್ಲೇ ಹುಟ್ಟುವುದು.

ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಂಥ ಕಡೆ ಕುಳಿತು ದೊಡ್ಡ ಕಾರ್ಖಾನೆಗೆ ಪ್ರತಿ ತಿಂಗಳು ಗ್ರೈಂಡ್ ಮಾಡಿದ ಜಾಬ್ ಕೊಡುತ್ತಿದ್ದರೆ ಕೈ ಟೆಸ್ಟರ್ ಕೊಳ್ಳಲೇಬೇಕು, ಸರ್ವಿಸ್ ಹತ್ತಿರ ಇರುವ ಕಂಪನಿಯದ್ದೇ ಇರಲಿ. ಒಂದೇ ಶೆಡ್ ಸಾಲಿನ ಎರಡು ಮೂರು ವರ್ಕ್‌ಶಾಪ್‌ನವರು ಸೇರಿ ತಗೊಳ್ಳುವುದೂ ಆಗುತ್ತದೆ. ಆದರೆ ಹೊಣೆ ಒಬ್ಬರದೇ ಇರಬೇಕು. ಎಲ್ಲರದಾದ ಸೂಜಿ ಬೇಗ ಮುರಿಯುತ್ತದೆ.

ಬೋರ್ ಹೋನಿಂಗ್‌ನವರಿಗೆ ಆರ್‌ಪಿಕೆ, ಆರ್‌ವಿಕೆ ಇರುವ ಟೆಸ್ಟರ್ ಮತ್ತು ಬೋರ್ ಡಿಟೆಕ್ಟರ್. ಅಷ್ಟು ದುಡ್ಡಿಲ್ಲದಿದ್ದರೆ ಆರ್‌ಎ ಮಾತ್ರದ ಅಗ್ಗದ ಟೆಸ್ಟರ್ ತಗೊಂಡು ತೃಪ್ತಿಪಡಬೇಡಿ. ಆಗಾಗ ಒಂದು ಬೋರ್ ಲ್ಯಾಬ್‌ನಲ್ಲಿ ಅಳೆಸಿ, ಕಲ್ಲು ಮತ್ತು ಸ್ಟ್ರೋಕ್‌ನ ಸೆಟಿಂಗ್ ಗಟ್ಟಿ ಮಾಡಿಕೊಳ್ಳಿ.

ನಿಮ್ಮ ಅಂಕಿ, ಪಾರ್ಟಿಯ ಅಂಕಿ ಬೇರೆ ಬಂದಾಗ

ಟೆಸ್ಟರ್ ಕೊಂಡವರಿಗೆ ಈ ದಿನ ಬಂದೇ ಬರುತ್ತದೆ. ನೀವು 0.7 ಅಂತೀರಿ, ಅವರು 0.9 ಅಂತಾರೆ. ಮೊದಲು ಇಬ್ಬರ ಕಟ್-ಆಫ್ ಒಂದೇನಾ ನೋಡಿ. ಆಮೇಲೆ ಓಡಿಸಿದ ದಿಕ್ಕು, ಸೂಜಿಯ ತುದಿ, ಜಾಬಿನ ಮೇಲಿನ ಜಾಗ. ಆಮೇಲೆ ಟೆಸ್ಟರ್ ಜೊತೆ ಬಂದ ಮಾದರಿ ತುಂಡನ್ನು ಇಬ್ಬರೂ ಅಳೆಯಿರಿ. ಸಾಮಾನ್ಯವಾಗಿ ಆ ತುಂಡು ಆರ್‌ಎ 3ರ ಹತ್ತಿರದ್ದು, ಅಂಕಿ ಅದರ ಮೇಲೇ ಬರೆದಿರುತ್ತದೆ. ಯಾವಾಗಲೂ ಒಂದೇ ಗೆರೆಯಲ್ಲಿ ಎಳೆದರೆ ಅದೂ ಸವೆಯುತ್ತದೆ, ಜಾಗ ಬದಲಿಸುತ್ತಿರಿ.

ಇಷ್ಟಾದ ಮೇಲೂ ಒಂದು ವಿಷಯ ಉಳಿಯುತ್ತದೆ, ಇದನ್ನು ಆರ್ಡರ್ ತಗೊಳ್ಳುವಾಗಲೇ ಮಾತಾಡಬೇಕು. ಹಳೆಯ ಐಎಸ್‌ಒ 4288ರಲ್ಲಿ ‘16 ಪ್ರತಿಶತ’ ನಿಯಮವೇ ಸಾಮಾನ್ಯ ನಿಯಮವಾಗಿತ್ತು. ಮೊದಲ ಅಳತೆ ಮಿತಿಯ 70 ಪ್ರತಿಶತದೊಳಗೆ ಇದ್ದರೆ ಪಾಸ್. ಇಲ್ಲದಿದ್ದರೆ ಮೊದಲ 3 ಅಳತೆಯೂ ಮಿತಿ ದಾಟಬಾರದು, ಅಥವಾ 6ರಲ್ಲಿ 1ಕ್ಕಿಂತ ಹೆಚ್ಚು ದಾಟಬಾರದು, ಅಥವಾ 12ರಲ್ಲಿ 2ಕ್ಕಿಂತ ಹೆಚ್ಚು ದಾಟಬಾರದು. 2021ರಲ್ಲಿ ಬಂದ ಐಎಸ್‌ಒ 21920ರಲ್ಲಿ ಬೇರೆ ಏನೂ ಬರೆಯದಿದ್ದರೆ ಒಂದು ಅಳತೆಯೂ ಮಿತಿ ದಾಟುವಂತಿಲ್ಲ. ಒಂದೇ ಜಾಬ್, ಒಂದೇ ಟೆಸ್ಟರ್, ಹಳೇ ನಿಯಮದಲ್ಲಿ ಪಾಸ್, ಹೊಸದರಲ್ಲಿ ರಿಜೆಕ್ಟ್! ಡ್ರಾಯಿಂಗ್ ಯಾವ ನಿಯಮದ್ದು ಅಂತ ಪಾರ್ಟಿಯಿಂದ ಬರೆಸಿಕೊಳ್ಳಿ. ನಿಮ್ಮ ರಿಪೋರ್ಟ್‌ನಲ್ಲಿ ಆರ್‌ಎ ಅಂಕಿಯ ಪಕ್ಕ ಕಟ್-ಆಫ್, ಅಳೆದ ಉದ್ದ, ದಿಕ್ಕು, ಸೂಜಿಯ ತುದಿ, ಎಷ್ಟು ಕಡೆ ಅಳೆದಿರಿ, ಕ್ಯಾಲಿಬ್ರೇಷನ್ ದಿನಾಂಕ ಇಷ್ಟನ್ನೂ ಬರೆಯಿರಿ.